ಹೆಪಟೈಟಿಸ್ ಪಾಸಿಟಿವ್ ಬಂದರೆ ಲಿವರ್ ಕ್ಯಾನ್ಸರ್ ಬಗ್ಗೆ ಏನೇನು ನೋಡಿಕೊಳ್ಳಬೇಕು

ರಕ್ತಪರೀಕ್ಷೆಯ ವರದಿಯನ್ನು ಜನರ ಕೈಗಿಡುವ ಕೆಲಸ ನನ್ನದು. ಹೆಪಟೈಟಿಸ್ (ವೈರಸ್‌ನಿಂದ ಬರುವ ಯಕೃತ್ತಿನ, ಅಂದರೆ ಲಿವರ್‌ನ, ಉರಿಯೂತ) ಪಾಸಿಟಿವ್ ಎಂದು ತಿಳಿದವರು ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ: ಕಾಮಾಲೆ ಆಗುತ್ತದೆಯೇ, ಪಥ್ಯ ಏನು? ಇಪ್ಪತ್ತು ಮೂವತ್ತು ವರ್ಷಗಳಾದ ಮೇಲೆ ಏನಾಗಬಹುದು ಎಂದು ಕೇಳುವವರು ಅಪರೂಪ. ಈ ವೈರಸ್‌ಗಳು ಕ್ಯಾನ್ಸರಿಗೆ ದಾರಿ ಮಾಡಿಕೊಡುವುದು ಆ ಅವಧಿಯಲ್ಲೇ, ಅದೂ ಯಾವ ನೋವನ್ನೂ ಕೊಡದೆ. ವರದಿಯನ್ನು ಫೈಲಿಗೆ ಸೇರಿಸುವ ಮೊದಲು ಹೀಗೆ ಓದಿ.

ಮೊದಲು ಅಕ್ಷರ ನೋಡಿ. ಎ ಮತ್ತು ಇ ಸಾಮಾನ್ಯವಾಗಿ ಕೆಲವು ವಾರ ಕಾಡಿಸಿ ಹೋಗುವಂಥವು. ಕ್ಯಾನ್ಸರ್ ಭಯಕ್ಕೆ ಕಾರಣ ಇರುವುದು ಬಿ ಮತ್ತು ಸಿ ಇದ್ದಾಗ. ಡಿ ಅಂಟುವುದು ಬಿ ಇದ್ದವರಿಗೆ ಮಾತ್ರ; ಅಂಟಿದರೆ ಹಾನಿಯ ವೇಗ ಹೆಚ್ಚುತ್ತದೆ.

ಬಿ ವರದಿಯಲ್ಲಿ ಜನ ಎಡವುವ ಜಾಗ ಒಂದಿದೆ. ‘ಎಚ್‌ಬಿಎಸ್ ಎಜಿ’ ಪಾಸಿಟಿವ್ ಎಂದರೆ ವೈರಸ್ ಮೈಯಲ್ಲಿದೆ. ‘ಆಂಟಿ ಎಚ್‌ಬಿಎಸ್’ ಪಾಸಿಟಿವ್ ಎಂದರೆ ಲಸಿಕೆಯಿಂದಲೋ ಗುಣವಾದ ಹಳೆಯ ಸೋಂಕಿನಿಂದಲೋ ರಕ್ಷಣೆ ಸಿಕ್ಕಿದೆ. ಎರಡನೆಯದನ್ನು ಮೊದಲನೆಯದೆಂದು ಓದಿ ಕಣ್ಣೀರಿಟ್ಟವರನ್ನು ಕಂಡಿದ್ದೇನೆ. ಮೊದಲನೆಯದನ್ನು ಎರಡನೆಯದೆಂದುಕೊಂಡು ನಗುತ್ತಾ ಹೊರಟವರನ್ನು ಬಾಗಿಲಿನಿಂದ ವಾಪಸ್ ಕರೆದಿದ್ದೇನೆ. ಎಚ್‌ಬಿಎಸ್ ಎಜಿ ಆರು ತಿಂಗಳ ನಂತರವೂ ಪಾಸಿಟಿವ್ ಆಗಿಯೇ ಇದ್ದರೆ ಅದು ದೀರ್ಘಕಾಲದ ಸೋಂಕು. ಹುಟ್ಟುವಾಗ ಸೋಂಕು ತಗುಲಿದ ಶಿಶುಗಳಲ್ಲಿ ಸುಮಾರು 90 ಶೇಕಡಾ ಹೀಗೆ ಉಳಿದುಬಿಡುತ್ತದೆ, ವಯಸ್ಕರಲ್ಲಿ 5 ಶೇಕಡಾಕ್ಕಿಂತ ಕಡಿಮೆ. ಆದ್ದರಿಂದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಅನುಮಾನಿಸಿ ಜಗಳಕ್ಕೆ ನಿಲ್ಲಬೇಡಿ. ನಡೆದಾಡಲು ಕಲಿಯುವ ಮೊದಲೇ ಅಂಟಿರುವ ಸಾಧ್ಯತೆ ದೊಡ್ಡದು.

ಇನ್ನು ಒಳಗೆ ನಡೆಯುವುದೇನು? ವೈರಸ್ ತಾನಾಗಿ ಯಕೃತ್ತಿನ ಜೀವಕೋಶಗಳನ್ನು ಕೊಲ್ಲುವುದು ಕಡಿಮೆ. ವೈರಸ್ ಹೊಕ್ಕ ಕೋಶಗಳನ್ನು ನಮ್ಮದೇ ರೋಗನಿರೋಧಕ ವ್ಯವಸ್ಥೆ ಹುಡುಕಿ ಕೊಲ್ಲುತ್ತದೆ. ಸತ್ತ ಜಾಗವನ್ನು ತುಂಬಲು ಉಳಿದ ಕೋಶಗಳು ಒಡೆದು ಇಮ್ಮಡಿಯಾಗುತ್ತವೆ. ಪ್ರತಿ ಸಲವೂ ಡಿಎನ್‌ಎ ಪ್ರತಿಯಾಗಬೇಕು, ಪ್ರತಿಯಲ್ಲಿ ತಪ್ಪು ನುಸುಳಬಹುದು. ಜೊತೆಗೆ ನಾರು ಕಟ್ಟುತ್ತದೆ, ಕೊನೆಗೆ ಇಡೀ ಅಂಗ ಗಂಟುಗಂಟಾಗಿ ಸಿರೋಸಿಸ್ ಆಗುತ್ತದೆ. ಸಿ ವೈರಸ್ಸಿನ ಕ್ಯಾನ್ಸರ್ ಬಹುಪಾಲು ಈ ದಾರಿಯಲ್ಲೇ ಬರುತ್ತದೆ. ಅದರ ಆರ್‌ಎನ್‌ಎ (ಆ ವೈರಸ್ಸಿನ ವಂಶದ್ರವ್ಯ) ನಮ್ಮ ವರ್ಣತಂತುಗಳೊಳಗೆ ಸೇರಿಕೊಳ್ಳುವುದಿಲ್ಲ.

ಬಿ ಅಷ್ಟಕ್ಕೇ ನಿಲ್ಲುವುದಿಲ್ಲ. ಅದು ಕೋಶಕೇಂದ್ರಕ್ಕೇ ನುಗ್ಗಿ, ಬಳೆಯಾಕಾರದ ಡಿಎನ್‌ಎಯಾಗಿ ಅಲ್ಲಿ ಠಿಕಾಣಿ ಹೂಡುತ್ತದೆ. ಅದರ ತುಣುಕುಗಳು ನಮ್ಮ ವರ್ಣತಂತುಗಳಲ್ಲೂ ಸಿಕ್ಕಿಕೊಳ್ಳುತ್ತವೆ. ಕೆಲವೊಮ್ಮೆ ಕೋಶದ ಬೆಳವಣಿಗೆಯನ್ನು ಹಿಡಿತದಲ್ಲಿಡುವ ವಂಶವಾಹಿಗಳ ಪಕ್ಕದಲ್ಲೇ. ಹಾಗಾಗಿ ಸಿರೋಸಿಸ್ ಇಲ್ಲದೆಯೂ ಬಿ ಇದ್ದವರಿಗೆ ಕ್ಯಾನ್ಸರ್ ಬರಬಹುದು. ‘ನನ್ನ ಲಿವರ್ ಚೆನ್ನಾಗಿದೆ, ಇನ್ನು ಡಾಕ್ಟರ್ ಯಾಕೆ?’ ಎನ್ನುವವರಿಗೆ ನಾನು ಹೇಳುವ ಉತ್ತರ ಇದೇ.

ಬಿ ಇದ್ದರೆ ವೈರಸ್ ಪ್ರಮಾಣ ತಿಳಿಸುವ ಡಿಎನ್‌ಎ ಪರೀಕ್ಷೆ, ಎಎಲ್‌ಟಿ (ಯಕೃತ್ತಿನ ಕೋಶಗಳ ಹಾನಿ ತೋರಿಸುವ ರಕ್ತಪರೀಕ್ಷೆ), ಯಕೃತ್ತಿನ ಬಿಗಿತ ಅಳೆಯುವ ಸ್ಕ್ಯಾನ್, ಈ ಮೂರನ್ನೂ ಒಟ್ಟಿಗೆ ಇಟ್ಟು ವೈದ್ಯರೊಂದಿಗೆ ಮಾತಾಡಿ. ಎಎಲ್‌ಟಿ ಒಂದೇ ಸರಿಯಿದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ವೈರಸ್ ಹತ್ತಿಕ್ಕುವ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ಬರೆದುಕೊಟ್ಟರೆ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ; ನಿಲ್ಲಿಸಿದಾಗ ವೈರಸ್ ಒಮ್ಮೆಲೇ ಕೆರಳಿ ಯಕೃತ್ತು ಕೈಕೊಟ್ಟ ಉದಾಹರಣೆಗಳಿವೆ. ಈ ಮಾತ್ರೆಗಳು ಕ್ಯಾನ್ಸರ್ ಅಪಾಯವನ್ನು ತಗ್ಗಿಸುತ್ತವೆ, ಪೂರ್ತಿ ಅಳಿಸುವುದಿಲ್ಲ.

ಸಿ ಬಂದವರಿಗೆ ಸುದ್ದಿ ಇನ್ನೂ ಒಳ್ಳೆಯದು. ಆಂಟಿಬಾಡಿ (ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪಾಸಿಟಿವ್ ಎಂದರೆ ವೈರಸ್ ಎಂದೋ ಬಂದಿತ್ತು ಎಂದಷ್ಟೇ ಅರ್ಥ. ಈಗ ಇದೆಯೇ ಎಂದು ಹೇಳುವುದು ಆರ್‌ಎನ್‌ಎ ಪರೀಕ್ಷೆ. ಇದ್ದರೆ ಸಾಮಾನ್ಯವಾಗಿ 8ರಿಂದ 12 ವಾರಗಳ ಮಾತ್ರೆಯಲ್ಲಿ 95 ಶೇಕಡಾಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಆ ಚಿಕಿತ್ಸೆ ಶುರುವಾಗುವ ಮೊದಲು ಬಿ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಏಕೆಂದರೆ ಸಿ ಹೋದಾಗ ಅಡಗಿದ್ದ ಬಿ ತಲೆಯೆತ್ತಬಹುದು. ಗುಣವಾದ ಮೇಲೆ ಆಂಟಿಬಾಡಿ ಪರೀಕ್ಷೆಯನ್ನು ಮತ್ತೆ ಮಾಡಿಸಿ ಗಾಬರಿಯಾಗಬೇಡಿ, ಅದು ಪಾಸಿಟಿವ್ ಆಗಿಯೇ ಇರುತ್ತದೆ. ಆದರೆ ಅಷ್ಟರಲ್ಲಿ ಸಿರೋಸಿಸ್ ಆಗಿದ್ದರೆ ವೈರಸ್ ಹೋದರೂ ಸ್ಕ್ಯಾನಿಂಗ್ ಬಿಡುವಂತಿಲ್ಲ.

ಸ್ಕ್ಯಾನಿಂಗ್ ಎಂದರೆ ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್. ಸಿರೋಸಿಸ್ ಇರುವ ಎಲ್ಲರಿಗೂ ಇದು ಬೇಕು. ಸಿರೋಸಿಸ್ ಇಲ್ಲದ ಬಿ ಸೋಂಕಿತರಲ್ಲಿ ವಯಸ್ಸು ಹಾಗೂ ಮನೆತನದಲ್ಲಿ ಯಾರಿಗಾದರೂ ಲಿವರ್ ಕ್ಯಾನ್ಸರ್ ಇತ್ತೇ ಎಂಬುದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ಜೊತೆಗೆ ಎಎಫ್‌ಪಿ (ಲಿವರ್ ಕ್ಯಾನ್ಸರ್‌ನಲ್ಲಿ ಏರಬಹುದಾದ ಒಂದು ಪ್ರೋಟೀನ್) ರಕ್ತಪರೀಕ್ಷೆ ಮಾಡಬಹುದು, ಆದರೆ ಗೆಡ್ಡೆ ಇದ್ದೂ ಎಎಫ್‌ಪಿ ಸಹಜವಾಗಿರುವುದುಂಟು. ಒಂದೆರಡು ಸೆಂಟಿಮೀಟರ್ ಇರುವಾಗಲೇ ಸಿಕ್ಕ ಗೆಡ್ಡೆಯನ್ನು ಕತ್ತರಿಸಿ ತೆಗೆಯಬಹುದು, ಸುಟ್ಟು ಹಾಕಬಹುದು. ಹೊಟ್ಟೆನೋವು ಬಂದ ಮೇಲೆ ಓಡಿದರೆ ಸಾಮಾನ್ಯವಾಗಿ ತಡವಾಗಿರುತ್ತದೆ. ಹಳೆಯ ಸ್ಕ್ಯಾನ್ ವರದಿಗಳನ್ನು ಜೊತೆಗೆ ಒಯ್ಯಿರಿ; ಹೊಸ ಚುಕ್ಕೆ ಯಾವುದು ಎಂದು ಹೋಲಿಸಿದರೆ ತಾನೇ ಗೊತ್ತಾಗುವುದು?

ಮದ್ಯ, ಸಿಗರೇಟು, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳದಲ್ಲಿರುವ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷದ ಬಗ್ಗೆ ಮಾತ್ರ ಒತ್ತಿ ಹೇಳುತ್ತೇನೆ: ಬಿ ಇದ್ದವರಿಗೆ ಅದು ಸೇರಿದರೆ ಅಪಾಯ ಹಲವು ಪಟ್ಟು ಏರುತ್ತದೆ.

ಮನೆಯವರ ವಿಷಯ. ಒಟ್ಟಿಗೆ ಕುಳಿತು ಊಟ ಮಾಡುವುದರಿಂದ, ಅಪ್ಪಿಕೊಳ್ಳುವುದರಿಂದ ಬಿ, ಸಿ ವೈರಸ್‌ಗಳು ಹರಡುವುದಿಲ್ಲ. ತಟ್ಟೆ ಲೋಟ ಬೇರೆ ಮಾಡಬೇಡಿ. ಬೇರೆ ಮಾಡಬೇಕಾದದ್ದು ರೇಜರ್ ಮತ್ತು ಹಲ್ಲುಜ್ಜುವ ಬ್ರಷ್. ಬಿ ಇದ್ದವರ ಮನೆಯಲ್ಲಿ ಎಲ್ಲರಿಗೂ ಪರೀಕ್ಷೆ, ಸೋಂಕೂ ರಕ್ಷಣೆಯೂ ಇಲ್ಲದವರಿಗೆ ಲಸಿಕೆ; ನವಜಾತ ಶಿಶುವಿಗೆ 24 ಗಂಟೆಯೊಳಗೆ ಮೊದಲ ಡೋಸ್. ತೈವಾನ್ 1984ರಲ್ಲಿ ಶಿಶುಗಳಿಗೆ ಈ ಲಸಿಕೆ ಕೊಡಲು ಆರಂಭಿಸಿತು, ಮುಂದೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ಸಿ ವೈರಸ್ಸಿಗೆ ಇನ್ನೂ ಲಸಿಕೆ ಇಲ್ಲ.