ಮನಿ ಪ್ಲಾಂಟ್ ಹಳದಿಯಾದರೆ ಮೊದಲು ಬೇರು ನೋಡಿ
ಮೈಸೂರಿನ ಜುಲೈ ಸೋನೆಯಲ್ಲಿ ಹಾಲ್ ಮೂಲೆಯ ಮನಿ ಪ್ಲಾಂಟ್ ಹಳದಿಯಾಗಿ ಜೋತುಬಿದ್ದರೆ, ಬಾಡಿದೆಯೆಂದು ಮತ್ತೆ ನೀರು ಹಾಕಬೇಡಿ. ಬೆರಳನ್ನು 2 ಇಂಚು ಮಣ್ಣಿಗಿಳಿಸಿ. ಒದ್ದೆಯಿದ್ದರೆ, ಗಾಳಿಯಾಡದೆ ಬೇರು ಕೊಳೆಯುತ್ತಿರುವುದೇ ಹೆಚ್ಚು.

ಗಿಡವನ್ನು ಮೆಲ್ಲಗೆ ಬಿಡಿಸಿ ಬೇರು ತೊಳೆಯಿರಿ. ಬೆಳ್ಳಗೆ ಗಟ್ಟಿಯಾಗಿರುವುದಕ್ಕೆ ಜೀವವಿದೆ. ಕಂದುಬಣ್ಣಕ್ಕೆ ತಿರುಗಿ, ಎಳೆದರೆ ಸಿಪ್ಪೆ ಕಳಚಿ ನೂಲಿನೆಳೆಯಷ್ಟೇ ಉಳಿಯುವುದು ಸತ್ತದ್ದು. ಶುಚಿಯಾದ ಕತ್ತರಿಯಿಂದ ಅದನ್ನು ಪೂರ್ತಿ ತೆಗೆಯಿರಿ. ಕೆಮ್ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ದಪ್ಪ ಮರಳು ಸಮಪಾಲು ಬೆರೆಸಿ, ತಳದಲ್ಲಿ ತೂತಿರುವ ಮಣ್ಣಿನ ಕುಂಡದಲ್ಲಿ ನೆಡಿ. ದೊಡ್ಡ ಕುಂಡ ಬೇಡವೇ ಬೇಡ, ಹೆಚ್ಚು ಮಣ್ಣು ಹೆಚ್ಚು ನೀರು ಹಿಡಿಯುತ್ತದೆ. ಪೂರ್ವದ ಕಿಟಕಿಯ ಬಳಿಯಿಡಿ.

ಚಿಗುರು ಬರುವ ತನಕ ಗೊಬ್ಬರ ಹಾಕಬೇಡಿ, ನೊಂದ ಬೇರು ಸುಟ್ಟುಹೋಗುತ್ತದೆ. ಬೇರೆಲ್ಲ ಹೋಗಿದ್ದರೂ ಗಿಡ ಎಸೆಯಬೇಡಿ: ಗಿಣ್ಣಿರುವ ಹಸಿರು ಬಳ್ಳಿಯ ತುಂಡು ನೀರಿನ ಬಾಟಲಿಯಲ್ಲೇ ಬೇರು ಬಿಡುತ್ತದೆ.