ಸಪ್ಪೊರೊದಲ್ಲಿ ಕೈಹಿಡಿದ ಕನ್ನಡ

ಜಪಾನಿನ ಸಪ್ಪೊರೊದಲ್ಲಿರುವ ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಎಕ್ಸ್‌ಚೇಂಜ್ ವಿದ್ಯಾರ್ಥಿಯಾಗಿ ಹೋದಾಗ ನನಗೆ ಬರುತ್ತಿದ್ದದ್ದು ಎನ್5, ಅಂದರೆ ಜಪಾನಿ ಭಾಷಾ ಪರೀಕ್ಷೆಯ ಅತಿ ಕೆಳಗಿನ ಮಟ್ಟದ ಜಪಾನಿ ಮಾತ್ರ. ಎರಡೂ ಕಡೆಯ ಒಪ್ಪಂದ ಇದ್ದದ್ದರಿಂದ ಫೀಸನ್ನು ಊರಿನ ಕಾಲೇಜಿಗೇ ಕಟ್ಟಿದ್ದೆ. ವೀಸಾಕ್ಕೆ ಬೇಕಾದ ಅರ್ಹತಾ ಪತ್ರ ಸಿಓಇ ಕೈಗೆ ಬಂದ ಮೇಲೆ ವೀಸಾ ಆಯಿತು. ರೆಸಿಡೆನ್ಸ್ ಕಾರ್ಡನ್ನು ಶಿನ್ ಚಿತೋಸೆ ವಿಮಾನ ನಿಲ್ದಾಣದಲ್ಲೇ ಕೊಟ್ಟರು. ಮನೆ ಸೇರಿದ 14 ದಿನದೊಳಗೆ ವಾರ್ಡ್ ಆಫೀಸಿನಲ್ಲಿ ವಿಳಾಸ ಬರೆಸಬೇಕು. ಆರೋಗ್ಯ ವಿಮೆಯನ್ನೂ ಅಲ್ಲೇ ಮಾಡಿಸಿಕೊಂಡೆ. ಇವೆಲ್ಲ ಹೇಗೋ ಆಗುತ್ತವೆ.

ಆಗದೆ ಉಳಿದದ್ದು ಮಾತು. ಮೊದಲ ತಿಂಗಳು ಇಂಗ್ಲಿಷಿನಲ್ಲಿ ಯೋಚಿಸಿ, ಅದನ್ನು ಜಪಾನಿಗೆ ತಿರುಗಿಸುತ್ತಿದ್ದೆ. ವಾಕ್ಯ ಮುಗಿಯುವಷ್ಟರಲ್ಲಿ ಕೇಳುವವರ ಮುಖ ನೋಡಿ ಗಂಟಲು ಒಣಗುತ್ತಿತ್ತು. ಒಂದು ದಿನ ಕ್ಯಾಂಟೀನಿನಲ್ಲಿ ಗೆಳತಿ ತನ್ನ ತಟ್ಟೆಯಿಂದ ಕುಂಬಳಕಾಯಿ ಹೋಳೊಂದನ್ನು ನನ್ನ ಕಡೆ ಸರಿಸಿ ‘ತಬೆತೆ ಮಿತೆ’ ಅಂದಳು. ತಬೆತೆ ಅಂದರೆ ತಿಂದು, ಮಿತೆ ಅಂದರೆ ನೋಡು. ತಿಂದು ನೋಡು! ನಮ್ಮಮ್ಮ ಒಗ್ಗರಣೆ ಹಾಕಿ ಸೌಟು ಚಾಚಿ ಹೇಳುವ ಅದೇ ಮಾತು.

ಅವತ್ತೇ ಇಂಗ್ಲಿಷ್ ಬಿಟ್ಟೆ. ನೋಟ್‌ಬುಕ್ಕಿನ ಎಡಕ್ಕೆ ಕನ್ನಡ, ಬಲಕ್ಕೆ ಜಪಾನಿ. ವಸುರೆತೆ ಶಿಮತ್ತ, ಮರೆತುಬಿಟ್ಟೆ. ಕಿನೋ ಯೊಂದ ಹೊನ್, ನಿನ್ನೆ ಓದಿದ ಪುಸ್ತಕ. ಪದದ ಎದುರಿಗೆ ಪದ ಕೂರುತ್ತದೆ, ಕ್ರಿಯಾಪದ ಕೊನೆಗೇ ಬರುತ್ತದೆ. ಬೆಳಿಗ್ಗೆ ಹಾಸ್ಟೆಲಿನಿಂದ ಹೊರಡುವಾಗ ಹೇಳುವ ‘ಇತ್ತೆ ಕಿಮಾಸು’ ಅಂತೂ ನೇರವಾಗಿ ‘ಹೋಗಿ ಬರ್ತೀನಿ’. ‘ಹೋಗ್ತೀನಿ’ ಅಂದರೆ ಗದರುತ್ತಿದ್ದ ಅಜ್ಜಿಯ ನೆನಪಾಗಿ ಮೊದಲ ಸಲ ಅದನ್ನು ಜೋರಾಗಿಯೇ ಹೇಳಿದೆ. ಇದನ್ನು ನಮಗೆ ಮೊದಲ ಪಾಠದಲ್ಲೇ ಯಾಕೆ ಹೇಳಿಕೊಡುವುದಿಲ್ಲವೋ!

ಸಸ್ಯಾಹಾರಿಗಳಿಗೆ ಒಂದು ಮಾತು. ‘ನಿಕು’ ಅಂದರೆ ಮಾಂಸ. ಅದು ಬೇಡ ಅಂದರೆ ಸಾಲದು, ಮೀನು ಅದರಲ್ಲಿ ಸೇರುವುದಿಲ್ಲ. ಮಿಸೊ (ಹುದುಗಿಸಿದ ಸೋಯಾ ಪೇಸ್ಟ್) ಸೂಪಿನ ದಾಶಿಗೂ, ಅಂದರೆ ಅದರ ಮೂಲ ರಸಕ್ಕೂ, ಸಾಮಾನ್ಯವಾಗಿ ಒಣಮೀನು ಹಾಕಿರುತ್ತಾರೆ. ದಾಶಿಯ ಬಗ್ಗೆಯೂ ಬಿಡಿಸಿ ಕೇಳಿ. ನಾನು ಹಾಸ್ಟೆಲಿನಲ್ಲಿ ಅನ್ನ ಮಾಡಿಕೊಂಡು, ತೋಫು ಹುರಿದು, ಊರಿಂದ ತಂದ ಸಾರಿನ ಪುಡಿಯಲ್ಲಿ ಚಳಿಗಾಲ ಕಳೆದೆ. ಹೊರಗೆ ಸೊಂಟದೆತ್ತರ ಹಿಮ.

ಕನ್ನಡ ಎಲ್ಲ ಕಡೆಯೂ ಕೈಹಿಡಿಯಲಿಲ್ಲ. ಜಪಾನಿಯಲ್ಲಿ ಕರ್ತೃಪದ ಆದ ಮೇಲೆ ‘ವ’ ಎಂಬ ಪ್ರತ್ಯಯ ಬರಬೇಕೋ ‘ಗ’ ಬರಬೇಕೋ ಎಂಬಲ್ಲಿ ನಮ್ಮಲ್ಲಿ ಅಂಥ ಜೋಡಿಯೇ ಇಲ್ಲ. ನೋಟ್‌ಬುಕ್ಕಿನ ಆ ಪುಟದ ಎಡಭಾಗ ಇನ್ನೂ ಖಾಲಿ ಇದೆ.