ಮಗಳಿದ್ದಾಳೆ, ಆಸೆಯೂ ಇತ್ತು: ಎಲ್‌ಎಸ್‌ಡಿ ಬೇಕಾ ಬೇಡ್ವಾ ಎಂದು ನಾನು ಲೆಕ್ಕ ಹಾಕಿದ್ದು

ನನಗೆ ನಲವತ್ತು ದಾಟಿದೆ. ಬಸವೇಶ್ವರನಗರದಲ್ಲಿ ಮನೆ, ಔಟರ್ ರಿಂಗ್ ರೋಡಿನಲ್ಲಿ ಆಫೀಸು, ಎರಡನೇ ಕ್ಲಾಸಿನ ಮಗಳು, ಹೋಮ್ ಲೋನು. ಇಂಥವನಿಗೂ ಸೈಕೆಡೆಲಿಕ್ ಮೇಲೆ, ಅಂದರೆ ಎಲ್‌ಎಸ್‌ಡಿ, ಮ್ಯಾಜಿಕ್ ಮಶ್ರೂಮ್‌ನಂಥ ಭ್ರಮೆ ತರಿಸುವ ಮಾದಕ ವಸ್ತುಗಳ ಮೇಲೆ, ಆಸೆ ಬರುತ್ತದಾ ಅಂದರೆ, ಬರುತ್ತದೆ. ಇಪ್ಪತ್ತರ ಹುಡುಗರಿಗಿಂತ ನಮ್ಮಂಥವರಿಗೇ ಜಾಸ್ತಿ ಬರುತ್ತದೇನೋ ಎಂದು ನನ್ನ ಅನುಮಾನ.

ಅಪ್ಪ ಕ್ಯಾನ್ಸರ್‌ನಲ್ಲಿ ಹೋದ ಮೇಲೆ ನನಗೆ ಒಂಥರಾ ಮಂಕು ಕವಿದಿತ್ತು. ಅಳು ಬರುತ್ತಿರಲಿಲ್ಲ, ನಗುವೂ ಅಷ್ಟಕ್ಕಷ್ಟೆ. ಮಗಳು ಸ್ಕೂಲಿನ ಕಥೆ ಹೇಳುವಾಗ ಹೂಂ ಹೂಂ ಅನ್ನುತ್ತಿದ್ದೆ. ಒಂದು ಸಂಜೆ ಅವಳು ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದು, ಮುಖ ತನ್ನ ಕಡೆ ತಿರುಗಿಸಿಕೊಂಡು, "ಅಪ್ಪಾ, ಈಗ ಹೇಳು, ನಾನೇನಂದೆ?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ಸಮಯಕ್ಕೆ ಕಾಲೇಜಿನ ಗೆಳೆಯನೊಬ್ಬ ಶುರು ಮಾಡಿದ. "ಮಗಾ, ಒಂದು ಸಲ ಎಲ್‌ಎಸ್‌ಡಿ ತಗೋ, ಇಲ್ಲಾ ಮಶ್ರೂಮ್. ಒಳಗಿರೋ ಕಸ ಎಲ್ಲಾ ಖಾಲಿ ಆಗತ್ತೆ." ಸಕಲೇಶಪುರದ ಕಡೆ ಹೋಂಸ್ಟೇ, ಮಳೆ ನಿಂತ ಮೇಲಿನ ವಾರಾಂತ್ಯ, ನಂಬಿಕಸ್ತ ಇಬ್ಬರು ಮೂವರು. ಪ್ಲಾನ್ ಪೂರ್ತಿ ರೆಡಿ ಇತ್ತು. ನಾನು ಆಗಲೂ ಇಲ್ಲ ಅನ್ನಲಿಲ್ಲ. ಸ್ವಲ್ಪ ಟೈಮ್ ಕೊಡು ಅಂದೆ.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಎಲ್ಲಿ ಕೈಕೊಡುತ್ತದೆ ಎಂದು ಹುಡುಕುವುದೇ ಹೊಟ್ಟೆಪಾಡು. ಹಾಗಾಗಿ ಹೊಗಳಿಕೆ ಬಿಟ್ಟು ಶರತ್ತುಗಳನ್ನು ಓದಲು ಕೂತೆ.

ಹೊಗಳಿಕೆ ಸುಳ್ಳಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 2016ರಲ್ಲಿ 51 ಕ್ಯಾನ್ಸರ್ ರೋಗಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಮ್ಯಾಜಿಕ್ ಮಶ್ರೂಮ್‌ನಲ್ಲಿರುವ ಸಿಲೊಸೈಬಿನ್ ಕೊಟ್ಟ ಮೇಲೆ, ಆರು ತಿಂಗಳಾದರೂ ಸುಮಾರು ಶೇ 80 ಮಂದಿಯ ಖಿನ್ನತೆ, ಆತಂಕ ಚೆನ್ನಾಗಿಯೇ ಇಳಿದಿತ್ತು. ಅಪ್ಪನ ಕೊನೆಯ ತಿಂಗಳುಗಳನ್ನು ನೋಡಿದವನಿಗೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಆಸ್ಟ್ರೇಲಿಯಾದಲ್ಲಿ 2023ರ ಜುಲೈನಿಂದ ಅನುಮತಿ ಪಡೆದ ಮನೋವೈದ್ಯರು ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸಿಲೊಸೈಬಿನ್ ಬರೆದುಕೊಡಬಹುದು. ಹೆಂಡ, ಸಿಗರೇಟಿನ ಹಾಗೆ ಚಟ ಹಿಡಿಸುವ ವಸ್ತುಗಳೂ ಇವಲ್ಲ.

ಆದರೆ ಆ ಅಧ್ಯಯನಗಳಲ್ಲಿ ಮಾತ್ರೆ ನುಂಗಿಸುವುದು ಒಂದು ಸಣ್ಣ ಭಾಗ ಅಷ್ಟೆ. ಅದಕ್ಕೆ ಮೊದಲು ಎಷ್ಟೋ ಗಂಟೆ ಮಾತುಕತೆ. ಆ ದಿನ ಪೂರ್ತಿ ಪಕ್ಕದಲ್ಲೇ ಇಬ್ಬರು ತರಬೇತಾದವರು. ಬಿಪಿ ನೋಡುತ್ತಾರೆ, ಆಮೇಲೂ ಕೂರಿಸಿ ಮಾತಾಡಿಸುತ್ತಾರೆ. ಎಲ್ಲಕ್ಕಿಂತ ಮೊದಲು ಜರಡಿ ಹಿಡಿಯುತ್ತಾರೆ. ಬಿಪಿ ಹತೋಟಿಯಲ್ಲಿಲ್ಲದಿದ್ದರೆ ಆಗಲ್ಲ. ಸ್ಕಿಜೋಫ್ರೇನಿಯಾ, ಬೈಪೋಲಾರ್ ಥರದ ಮನೋರೋಗ ಇದ್ದರೆ ಆಗಲ್ಲ. ಮನೆತನದಲ್ಲಿ ಇದ್ದರೂ ಬಹಳ ಕಡೆ ಆಗಲ್ಲ. ಕೆಲವು ಅಧ್ಯಯನಗಳಲ್ಲಿ ಹೆತ್ತವರು, ಒಡಹುಟ್ಟಿದವರಷ್ಟೇ ಅಲ್ಲ, ಚಿಕ್ಕಪ್ಪ, ಅತ್ತೆ, ಅಜ್ಜಿ, ತಾತನವರೆಗೂ ಕೇಳುತ್ತಾರೆ.

ಹೋಂಸ್ಟೇಯಲ್ಲಿ ಇದನ್ನು ಕೇಳುವವರು ಯಾರು?

ನನಗೊಬ್ಬ ಚಿಕ್ಕಪ್ಪ ಇದ್ದರು. "ಸ್ವಲ್ಪ ಸೂಕ್ಷ್ಮ" ಎಂಬುದಷ್ಟೇ ಗೊತ್ತಿತ್ತು. ಡಿಸೆಂಬರ್ ತಿಂಗಳು, ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಕೈಹಾಕಿದೆ.

"ಚಿಕ್ಕಪ್ಪಂಗೆ ಏನಾಗಿತ್ತಮ್ಮ, ಸರಿಯಾಗಿ ಹೇಳು."

"ಏನೋ ಮನಸ್ಸಿಗೆ ಹಚ್ಚಿಕೊಂಡಿದ್ದ. ಈಗ್ಯಾಕೆ ಅದೆಲ್ಲ?"

ನಾನು ಬಿಡಲಿಲ್ಲ. ತಟ್ಟೆಯಲ್ಲಿ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಗುಡ್ಡೆಯಾಗುತ್ತಾ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅಮ್ಮ ತಲೆ ಎತ್ತದೆ ಹೇಳಿದರು. "ಡಿಗ್ರಿ ಕೊನೇ ವರ್ಷ. ರೇಡಿಯೋದಲ್ಲಿ ತನ್ನ ಹೆಸರು ಕೂಗ್ತಿದ್ದಾರೆ ಅಂತಿದ್ದ. ಊಟದಲ್ಲಿ ಏನೋ ಹಾಕಿದ್ದೀರಿ ಅಂತ ತಟ್ಟೆ ತಳ್ಳೋನು. ಮೊದಲು ತಾಯತ ಕಟ್ಟಿಸಿದ್ವಿ. ಆಮೇಲೆ ನಿಮ್ಹಾನ್ಸ್‌ಗೆ ಕರ್ಕೊಂಡು ಹೋದ್ವಿ. ಕೊನೇವರೆಗೂ ಮಾತ್ರೆ ತಗೊಂಡ. ನಿನ್ನ ಮದುವೆಗೆ ತೊಂದ್ರೆ ಆಗತ್ತೆ ಅಂತ ಬಾಯಿಬಿಡಲಿಲ್ಲ."

ನಮ್ಮ ಮನೆಗಳಲ್ಲಿ "ವಂಶದಲ್ಲಿ ಯಾರಿಗೂ ಏನೂ ಇಲ್ಲ" ಎಂಬ ಮಾತಿನ ಬೆಲೆ ಇಷ್ಟೇ. ಮದುವೆ ಮಾತುಕತೆಗೆ ಹೆದರಿ ಮುಚ್ಚಿಟ್ಟದ್ದು ಎಷ್ಟಿದೆಯೋ. ಚಿಕ್ಕಪ್ಪನಿಗೆ ಬಂದದ್ದು ನನಗೂ ಬಂದೇ ಬರುತ್ತದೆ ಎಂದಲ್ಲ. ನಲವತ್ತು ದಾಟಿದ ಮೇಲೆ ಆ ಸಾಧ್ಯತೆ ಕಮ್ಮಿಯೇ. ಆದರೆ ಇಂಥ ಮನೆತನದವರಲ್ಲಿ ಎಲ್‌ಎಸ್‌ಡಿ, ಸಿಲೊಸೈಬಿನ್ ಅಡಗಿರುವುದನ್ನು ಕೆದಕಬಹುದು ಎಂಬ ಭಯಕ್ಕೇ ಅಲ್ವಾ ಡಾಕ್ಟರುಗಳು ಜರಡಿ ಹಿಡಿಯುವುದು? ಅವರು ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡೂ ಬೇಡ ಅನ್ನುವವನಿಗೆ, ಕಾಫಿ ತೋಟದ ನಡುವೆ, ಗೆಳೆಯನ ಉಸ್ತುವಾರಿಯಲ್ಲಿ ಕೊಡುವುದು ಹೇಗೆ?

ಇನ್ನು ಕಾನೂನು. ಇದು ಬೇಗ ಮುಗಿಯಿತು. ಮಾದಕ ವಸ್ತುಗಳಿಗೆ ಸಂಬಂಧಿಸಿದ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿ ಎಲ್‌ಎಸ್‌ಡಿ, ಸಿಲೊಸೈಬಿನ್ ಎರಡೂ ಇವೆ. ಎಲ್‌ಎಸ್‌ಡಿಯ 'ಸಣ್ಣ ಪ್ರಮಾಣ' 2 ಮಿಲಿಗ್ರಾಂ. ಅದಕ್ಕೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 100 ಮಿಲಿಗ್ರಾಂ ದಾಟಿದರೆ 'ವಾಣಿಜ್ಯ ಪ್ರಮಾಣ': ಕನಿಷ್ಠ 10 ವರ್ಷ, ಜಾಮೀನೂ ಕಷ್ಟ. ಎಲ್‌ಎಸ್‌ಡಿ ಮೈಕ್ರೊಗ್ರಾಂ ಲೆಕ್ಕದ ವಸ್ತು, ಅದನ್ನು ಹೀರಿಸಿದ ಕಾಗದ ಮಿಲಿಗ್ರಾಂ ಲೆಕ್ಕದ್ದು. ಕಾಗದದ ತೂಕವನ್ನೂ ಸೇರಿಸಬೇಕಾ ಎಂದು ಕೋರ್ಟುಗಳಲ್ಲಿ ವಾದ ನಡೆದಿದೆ. ಅಂಥ ವಾದದ ನಡುವೆ ನನ್ನ ಹೆಸರು ಬರುವುದು ನನಗೆ ಬೇಡ. ಸಿಸಿಬಿ ಪೊಲೀಸರ ದಾಳಿ ಸುದ್ದಿ ಪೇಪರಿನಲ್ಲಿ ಬಂದಾಗ 'ಟೆಕ್ಕಿ ಬಂಧನ' ಎಂದೇ ತಲೆಬರಹ. ಸ್ಕೂಲ್ ವ್ಯಾನ್ ಹತ್ತುವ ಮಗುವಿಗೆ ಅದನ್ನು ಯಾರು ವಿವರಿಸುವುದು?

"ಮಶ್ರೂಮ್ ಆದ್ರೆ ನ್ಯಾಚುರಲ್ ಮಗಾ" ಎಂದ ಗೆಳೆಯ. ಉಮ್ಮತ್ತಿಯೂ ನ್ಯಾಚುರಲ್ಲೇ, ತಿಂದವರನ್ನು ಐಸಿಯುನಲ್ಲಿ ಹುಡುಕಬೇಕು. ಕಾಗದದ ಕಥೆ ಇನ್ನೂ ಕಷ್ಟ. ಎಲ್‌ಎಸ್‌ಡಿ ಎಂದು ಹೇಳಿ ಎನ್‌ಬೋಮ್ ಜಾತಿಯ ರಾಸಾಯನಿಕ ಮಾರಿದ್ದರಿಂದ ಬೇರೆ ದೇಶಗಳಲ್ಲಿ ಜನ ಸತ್ತಿದ್ದಾರೆ. ಕಣ್ಣಿಗೆ ಎರಡೂ ಒಂದೇ ಥರ, ಚಿತ್ರ ಒತ್ತಿದ ಚೂರು ಕಾಗದ.

ಇಷ್ಟೆಲ್ಲ ಆದ ಮೇಲೆ ಹೆಂಡತಿಗೆ ಹೇಳಿದೆ. ಆಸೆಯನ್ನೂ, ಚಿಕ್ಕಪ್ಪನ ವಿಷಯವನ್ನೂ. ಎರಡನೆಯದರ ಬಗ್ಗೆ ಅವಳು ಮೊದಲು ಮಾತಾಡಿದಳು. "ಇದು ನಮ್ಮ ಮಗಳಿಗೂ ಗೊತ್ತಿರಬೇಕಾದ ವಿಷಯ ಅಲ್ವಾ?" ಅತ್ತೆ ಮೇಲೆ ಅವಳಿಗೆ ಬೇಜಾರಾಯಿತು. ಅದು ಇನ್ನೂ ಪೂರ್ತಿ ಹೋಗಿಲ್ಲ.

ಮೊದಲನೆಯದಕ್ಕೆ ಅವಳು ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಗಲಿಲ್ಲ. ಮಗಳಿಗೆ ಚಳಿಗಾಲದಲ್ಲಿ ಉಬ್ಬಸ ಬರುತ್ತದೆ. ಕೆಲವು ರಾತ್ರಿ ನೆಬ್ಯುಲೈಜರ್‌ಗೂ ಜಗ್ಗದೆ ಆಸ್ಪತ್ರೆಗೆ ಓಡಿದ್ದಿದೆ. ನಾನು ಸ್ಟೀರಿಂಗ್ ಹಿಡಿದರೆ ಅವಳು ಹಿಂದೆ ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಉಸಿರು ಎಣಿಸುತ್ತಾಳೆ. "ಸಿಲೊಸೈಬಿನ್ ನಾಲ್ಕರಿಂದ ಆರು ಗಂಟೆ, ಎಲ್‌ಎಸ್‌ಡಿ ಹನ್ನೆರಡು ಗಂಟೆವರೆಗೂ ಇರುತ್ತೆ" ಎಂದು ನಾನು ವಿವರಿಸಿದೆ. ಅವಳು ಹೇಳಿದ್ದು ಇದು: "ಹನ್ನೆರಡು ಗಂಟೆ ನಾನು ನೋಡ್ಕೋತೀನಿ ರೀ. ಅಣ್ಣನ್ನ ಕರೆಸ್ಕೋತೀನಿ, ಆಟೋ ಹಿಡೀತೀನಿ. ಹದಿಮೂರನೇ ಗಂಟೆಗೆ ನೀವು ವಾಪಸ್ ಬರ್ಲಿಲ್ಲ ಅಂದ್ರೆ? ಒಂದು ತಿಂಗಳು ಸರಿಹೋಗ್ಲಿಲ್ಲ ಅಂದ್ರೆ?"

ನನ್ನ ಹಾಳೆಯಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ನಾನು ಬರೆದುಕೊಂಡದ್ದೆಲ್ಲ ಆ ಒಂದು ದಿನದ ಅಪಾಯ. ಅದನ್ನು ಹೇಗಾದರೂ ಸಂಭಾಳಿಸಬಹುದು. ಬಾಲ ಉದ್ದವಾದರೆ ಕಷ್ಟ: ತಿಂಗಳುಗಟ್ಟಲೆ ಕಾಡುವ ಆತಂಕ, ವಿರಳವಾದರೂ ಕೆಲವರಲ್ಲಿ ಉಳಿದುಬಿಡುವ ಕಣ್ಣಿನ ಭ್ರಮೆ, ಇನ್ನೂ ವಿರಳವಾಗಿ ಚಿತ್ತವಿಕಲತೆ. ಒಂಟಿಯಾಗಿದ್ದಾಗ ಅದು ನನ್ನ ಪಾಡು. ಈಗ ಅದರ ಖರ್ಚು ಮಗಳ ಖಾತೆಗೂ ಬೀಳುತ್ತದೆ, ಅವಳನ್ನು ಯಾರೂ ಕೇಳಿಲ್ಲ. ಅಲ್ಲಿಗೆ ನಿರ್ಧಾರವಾಯಿತು. ಬೇಡ.

ಮಂಕು ಹಾಗೇ ಇತ್ತಲ್ಲ, ಅದಕ್ಕೆ ಮನೋವೈದ್ಯರ ಹತ್ತಿರ ಹೋದೆ. ಎಲ್‌ಎಸ್‌ಡಿ ಯೋಚನೆಯನ್ನೂ ಹೇಳಿದೆ, ಬೈಯುತ್ತಾರೇನೋ ಅಂದುಕೊಂಡು. ಬೈಯಲಿಲ್ಲ. ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಎಲ್‌ಎಸ್‌ಡಿ ಮುಟ್ಟಿದರೆ ಫಿಟ್ಸ್ ಬರಬಹುದು, ಅದಕ್ಕೇ ಇಂಥದ್ದನ್ನು ನಮಗೆ ಹೇಳಬೇಕು ಎಂದರು. ಥೈರಾಯ್ಡ್, ಬಿ12 ಪರೀಕ್ಷೆ ಮಾಡಿಸಿದರು. ನಿದ್ದೆ, ಹಸಿವು, ಅಪ್ಪನ ಕೊನೆಯ ದಿನಗಳು, ಎಲ್ಲ ಕೇಳಿ ಖಿನ್ನತೆ ಎಂದರು. ಮಾತ್ರೆ ಶುರುವಾಯಿತು, ಜೊತೆಗೆ ಕೌನ್ಸೆಲಿಂಗ್. ಇದರಲ್ಲಿ ಥ್ರಿಲ್ ಇಲ್ಲ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುತ್ತಿತ್ತು, ಅಷ್ಟೆ. ನಿಧಾನಕ್ಕೆ ಮಗಳ ಕಥೆ ಕಿವಿಗೆ ಬೀಳತೊಡಗಿತು. ಕಥೆಗಳು ಬಹಳ ಉದ್ದ, ಅದು ಬೇರೆ ಮಾತು. ಡಾಕ್ಟರ ಹತ್ತಿರ ಹೋಗಲು ಹಿಂಜರಿಯುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ. 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಆಸೆ ಹೋಯಿತಾ ಅಂದರೆ, ಪೂರ್ತಿ ಇಲ್ಲ. ನಮ್ಮಲ್ಲೂ ಆಸ್ಪತ್ರೆಯೊಳಗೆ, ಕಾನೂನಿನ ಪ್ರಕಾರ ಕೊಡುವ ದಿನ ಬಂದರೆ ಅರ್ಜಿ ಹಾಕುತ್ತೇನೆ. ಚಿಕ್ಕಪ್ಪನ ಹೆಸರು ಬರೆದೇ ಹಾಕುತ್ತೇನೆ. ತೆಗೆದುಕೊಳ್ಳುತ್ತಾರೆ ಎಂಬ ನಂಬಿಕೆ ಇಲ್ಲ.

ಗೆಳೆಯನಿಗೆ ಹೋಂಸ್ಟೇ ಸಿಗಲಿಲ್ಲವಂತೆ. ಬೇಸಿಗೆ ರಜದಲ್ಲಿ ನಿನ್ನ ಹೆಂಡತಿ, ಮಗಳು ಊರಿಗೆ ಹೋದಾಗ ನಿನ್ನ ಮನೆ ಕೊಡ್ತೀಯಾ, ನೀನು ಸುಮ್ನೆ ಪಕ್ಕದಲ್ಲಿ ಕೂತಿರು ಸಾಕು ಎಂದು ಕೇಳಿದ. ಇಂಥದ್ದಕ್ಕೆ ಗೊತ್ತಿದ್ದೂ ಜಾಗ ಕೊಡುವುದು ಎನ್‌ಡಿಪಿಎಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಅಪರಾಧ. ಆಗಲ್ಲ ಅಂದೆ. ಅವನಿಗೂ ಐದು ವರ್ಷದ ಮಗ ಇದ್ದಾನೆ. "ನನ್ನ ಮಾತು ಕೇಳಲ್ಲ ಅಂದ್ರೂ ಮನೇಲಿ ಹೇಳಿ ಹೋಗು. ಎಡವಟ್ಟಾದ್ರೆ ಪೊಲೀಸರಿಗೆ ಹೆದರಿ ಕೂರಬೇಡ, 108ಕ್ಕೆ ಫೋನ್ ಮಾಡು, ಏನು ತಗೊಂಡೆ ಅಂತ ಡಾಕ್ಟರಿಗೆ ನಿಜ ಹೇಳು" ಎಂದೆ. 108ರ ಮಾತಿಗೆ ನಕ್ಕ. ಮನೇಲಿ ಹೇಳು ಅಂದದ್ದಕ್ಕೆ ಮಾತ್ರ ಮುಖ ಸಣ್ಣದಾಯಿತು, ಮಾತು ಬದಲಿಸಿದ.